ಯಾರ ಮುಖ, ಯಾವ ಬೆಳಕು

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಜನ ಗುಂಪುಗಟ್ಟಿ ನಿಲ್ಲುವ ಚಿತ್ರವೊಂದಿದೆ. ಸೀರೆಯುಟ್ಟ ಹೆಣ್ಣುಮಗಳು ಒಂದು ಕೈಯಲ್ಲಿ ದೀಪ ಹಿಡಿದು ಇನ್ನೊಂದು ಕೈಯನ್ನು ಅದಕ್ಕೆ ಮರೆಯಾಗಿ ಒಡ್ಡಿದ್ದಾಳೆ. ದೀಪದ ಕುಡಿ ನಮಗೆ ಕಾಣುವುದಿಲ್ಲ. ಅದು ಉರಿಯುತ್ತಿದೆ ಎಂಬುದಕ್ಕೆ ಸಾಕ್ಷಿ ಬೆರಳುಗಳ ಒಳಗಿಂದ ತೋರುವ ಕೆಂಪು ಮತ್ತು ಮುಖದ ಮೇಲೆ ಬಿದ್ದ ಹೊಂಬೆಳಕು, ಅಷ್ಟೇ. ಬಹಳ ಮಂದಿ ಇದನ್ನು ರವಿವರ್ಮನ ತೈಲಚಿತ್ರವೆಂದೇ ನಂಬಿದ್ದಾರೆ. ಅಸಲಿಗೆ ಇದು ಎಸ್.ಎಲ್. ಹಲ್ದಣ್ಕರ್ 1940ರ ದಶಕದಲ್ಲಿ ಬರೆದ ಜಲವರ್ಣ. ಅದರ ಮುಂದೆ ನಿಂತವರ ಬಾಯಲ್ಲಿ ಬರುವ ಮೆಚ್ಚುಗೆಯ ಮಾತು ಬಹುಪಾಲು ಒಂದೇ: ಥೇಟ್ ಫೋಟೊ ಇದ್ದ ಹಾಗೆ ಇದೆ. ಕಲೆಯನ್ನು ಬಲ್ಲೆವು ಎನ್ನುವವರ ಬಾಯಲ್ಲಿ ಇಂಥ ಚಿತ್ರಗಳ ಬಗ್ಗೆ ಬರುವ ಮಾತೂ ಹೆಚ್ಚು ಬೇರೆಯಲ್ಲ: ಇದೇನು ಮಹಾ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾರೆ, ಕ್ಯಾಲೆಂಡರ್ ಕಲೆ. ಒಂದು ಹೊಗಳಿಕೆ, ಇನ್ನೊಂದು ತೆಗಳಿಕೆ. ಎರಡರ ಬುಡದಲ್ಲಿರುವ ನಂಬಿಕೆ ಒಂದೇ. ನೈಜ ಶೈಲಿಯ ಚಿತ್ರಕಾರ ನಕಲು ಮಾಡುವವನು, ಅವನ ಕಣ್ಣು ಕನ್ನಡಿಯಿದ್ದಂತೆ, ಎದುರಿಗಿದ್ದದ್ದು ತಾನಾಗಿ ಬಟ್ಟೆಯ ಮೇಲೆ ಇಳಿಯುತ್ತದೆ ಎಂಬ ನಂಬಿಕೆ ಅದು. ಇದು ತಪ್ಪು. ಇಂಥ ಚಿತ್ರಕಾರ ಅಡಿಗಡಿಗೂ ಆಯ್ಕೆ ಮಾಡುತ್ತಾನೆ. ಆ ಆಯ್ಕೆಗಳ ಹಿಂದೆ ಅವನ ಊರು, ಅವನ ಗುರು, ಅವನ ಕಾಲದ ಮಾರುಕಟ್ಟೆ ಎಲ್ಲವೂ ಇರುತ್ತವೆ. ಆದ್ದರಿಂದಲೇ ಆ ಆಯ್ಕೆಗಳಿಗೆ ಅವನು ಹೊಣೆಗಾರನೂ ಹೌದು. ಕರ್ನಾಟಕದ ಮಟ್ಟಿಗೆ ಇದನ್ನು ಪರೀಕ್ಷಿಸಿ ನೋಡಲು ಕಲಬುರ್ಗಿಯ ಎಸ್.ಎಂ. ಪಂಡಿತರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸಾಂಬಾನಂದ ಮೋನಪ್ಪ ಪಂಡಿತರು ಹುಟ್ಟಿದ್ದು 1916ರಲ್ಲಿ, ಆಗಿನ ನಿಜಾಮರ ಸೀಮೆಗೆ ಸೇರಿದ್ದ ಗುಲ್ಬರ್ಗದಲ್ಲಿ. ಊರಿನಲ್ಲೇ ಶಂಕರರಾವ್ ಆಳಂದಕರ ಅವರ ಬಳಿ ಮೊದಲ ಪಾಠವಾಯಿತು. ಮುಂದೆ ಮದ್ರಾಸಿನ ಕಲಾಶಾಲೆ, ಅಲ್ಲಿಂದ ಮುಂಬಯಿ. ಮುಂಬಯಿಯಲ್ಲಿ ಜಿ.ಎಸ್. ದಂಡಾವತಿಮಠ ಎಂಬ ಕನ್ನಡಿಗರು ನಡೆಸುತ್ತಿದ್ದ ನೂತನ ಕಲಾ ಮಂದಿರ ಆ ಕಾಲದ ಅನೇಕ ಕನ್ನಡ ಹುಡುಗರಿಗೆ ಹೊಸಿಲಾಗಿತ್ತು. ಅದನ್ನು ದಾಟಿದರೆ ಜೆ.ಜೆ. ಕಲಾಶಾಲೆ. ಪ್ಲಾಸ್ಟರಿನ ಅಚ್ಚುಗಳನ್ನು ಎದುರಿಟ್ಟುಕೊಂಡು ತಿಂಗಳುಗಟ್ಟಲೆ ಇದ್ದಿಲಿನಲ್ಲಿ ಬರೆಯುವುದು, ಆಮೇಲೆ ಜೀವಂತ ರೂಪದರ್ಶಿಯನ್ನು ಕೂರಿಸಿಕೊಂಡು ಮೂಳೆ ಎಲ್ಲಿ, ಸ್ನಾಯು ಎಲ್ಲಿ ಎಂದು ಹುಡುಕುವುದು, ಆ ಬಳಿಕವಷ್ಟೇ ಬಣ್ಣ: ಇದು ಆ ಶಾಲೆಗಳ ಕ್ರಮ. ಓದು ಮುಗಿಸಿದ ಪಂಡಿತರಿಗೆ ಅನ್ನ ಕೊಟ್ಟದ್ದು ಅರಮನೆಯಲ್ಲ, ಸಿನಿಮಾ. ಮೆಟ್ರೊ ಚಿತ್ರಮಂದಿರಕ್ಕೆ ಹಾಲಿವುಡ್ ಚಿತ್ರಗಳ ಷೋಕಾರ್ಡ್, ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ, ಹಿಂದಿ ಚಿತ್ರಗಳಿಗೆ ಪೋಸ್ಟರ್. ರಸ್ತೆಯಲ್ಲಿ ಹೋಗುವವನ ಕಣ್ಣನ್ನು ಕ್ಷಣದಲ್ಲಿ ಹಿಡಿಯಬೇಕು, ನಟಿಯ ಮುಖ ಒಂದೇ ನೋಟಕ್ಕೆ ಗುರುತು ಸಿಗಬೇಕು. ಅದರ ಜತೆಜತೆಗೇ ಪುರಾಣದ ತೈಲಚಿತ್ರಗಳು ಬಂದವು. ಅವು ಕ್ಯಾಲೆಂಡರುಗಳಾಗಿ ಅಚ್ಚಾಗಿ ದೇಶದ ಮೂಲೆಮೂಲೆಗೆ ಹೋದವು. 1960ರ ದಶಕದಲ್ಲಿ ಪಂಡಿತರು ಮುಂಬಯಿಯ ಗದ್ದಲ ಬಿಟ್ಟು ಹುಟ್ಟೂರಿಗೆ ಮರಳಿದರು. 1978ರಲ್ಲಿ ಲಂಡನ್ನಿನಲ್ಲಿ ಅವರ ಪ್ರದರ್ಶನ ನಡೆಯಿತು. 1993ರಲ್ಲಿ ತೀರಿಕೊಂಡರು. ಇಂದು ಕಲಬುರ್ಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಅಲ್ಲಿ ನಾಟಕ ನೋಡಲು, ಭಾಷಣ ಕೇಳಲು ಹೋಗುವ ಹೊಸ ತಲೆಮಾರಿನವರಲ್ಲಿ ಪಂಡಿತರನ್ನು ರಂಗಕರ್ಮಿಯೆಂದು ತಿಳಿದವರಿದ್ದರೆ ಅಚ್ಚರಿಯಿಲ್ಲ.

ಅವರ ದೃಷ್ಟಿ ತಿಳಿಯಬೇಕಾದರೆ ಅವರು ಕೈಗೆತ್ತಿಕೊಂಡ ಮಾಧ್ಯಮದ ಸ್ವಭಾವ ಮೊದಲು ತಿಳಿಯಬೇಕು. ಜಲವರ್ಣದಲ್ಲಿ ನೀರು ಆವಿಯಾದೊಡನೆ ಕೆಲಸ ಮುಗಿಯಿತು. ತಿದ್ದಲು ಅವಕಾಶ ಬಹಳ ಕಡಿಮೆ. ತೈಲವರ್ಣದ ಎಣ್ಣೆ ಆವಿಯಾಗುವುದಿಲ್ಲ. ಅದರಲ್ಲಿ ಬಳಸುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗಿ ಪೊರೆಗಟ್ಟುತ್ತದೆ. ಮೇಲ್ಮೈ ಮುಟ್ಟುವಂತಾಗಲು ದಿನಗಳು ಬೇಕು, ಒಳಗಿನವರೆಗೆ ಬಲಿಯಲು ತಿಂಗಳುಗಳು ಬೇಕು. (ಕಲಬುರ್ಗಿ ಸೀಮೆಯಲ್ಲಿ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ಉಣ್ಣುವವರಿಗೆ ಈ ಎಣ್ಣೆಯ ಬೀಜ ಪರಕೀಯವೇನಲ್ಲ, ಅದು ಚಿತ್ರದ ಬಟ್ಟೆಗೆ ಏರಿದ ದಾರಿ ಮಾತ್ರ ಯುರೋಪಿನದು.) ಈ ನಿಧಾನವೇ ಚಿತ್ರಕಾರನಿಗೆ ದಕ್ಕಿದ ಸ್ವಾತಂತ್ರ್ಯ. ಹಸಿ ಬಣ್ಣಕ್ಕೆ ಹಸಿ ಬಣ್ಣ ಸೇರಿಸಿ ಬೆಳಕಿನಿಂದ ನೆರಳಿಗೆ ಗೆರೆಯೇ ಕಾಣದಂತೆ ಜಾರಬಹುದು. ಆರಿದ ಪದರದ ಮೇಲೆ ಎಣ್ಣೆ ಹೆಚ್ಚಿರುವ ತೆಳು ಬಣ್ಣವನ್ನು ಹೊದಿಸಿ ಕೆಳಗಿನ ಬಣ್ಣ ಒಳಗಿಂದ ಹೊಳೆಯುವಂತೆ ಮಾಡಬಹುದು. ಮನುಷ್ಯನ ಚರ್ಮ, ಮುತ್ತು, ರೇಷ್ಮೆ ಹೀಗೆ ಬರೆದರೇ ನಂಬುವಂತೆ ಕಾಣುವುದು. ಬೇಡವೆನಿಸಿದ್ದನ್ನು ಕೆರೆದು ತೆಗೆಯಬಹುದು, ಒಂದು ತೋಳನ್ನು ನಾಲ್ಕು ಬಾರಿ ಬದಲಿಸಬಹುದು. ಇಷ್ಟು ತಿದ್ದಲು ಬಿಡುವ ಮಾಧ್ಯಮದಲ್ಲಿ ಕೊನೆಗೆ ಉಳಿದದ್ದು ಆಕಸ್ಮಿಕವಾಗಿ ಉಳಿದದ್ದಲ್ಲ. ಪ್ರತಿಯೊಂದು ಅಂಚು ಚೂಪಾಗಿದ್ದರೂ ಮಸುಕಾಗಿದ್ದರೂ ಅದನ್ನು ಹಾಗೆ ಬಿಡಬೇಕೆಂದು ಯಾರೋ ತೀರ್ಮಾನಿಸಿದ್ದಾರೆ.

ಪಂಡಿತರ ವಿಶ್ವಾಮಿತ್ರ–ಮೇನಕೆ, ನಳ–ದಮಯಂತಿ, ರಾಧಾ–ಕೃಷ್ಣರಂಥ ಚಿತ್ರಗಳಿಗೆ ಈ ಮಾತನ್ನು ಹಚ್ಚಿ ನೋಡಿದರೆ ‘ಕಂಡದ್ದನ್ನು ಕಂಡ ಹಾಗೆ’ ಎಂಬ ವಾದ ಅಲ್ಲೇ ಕುಸಿಯುತ್ತದೆ. ಮೇನಕೆಯನ್ನು ಕಂಡವರಾರು? ಇರುವುದು ಒಂದು ಕಥೆ. ಚಿತ್ರಕಾರ ಅದಕ್ಕೊಂದು ಹೊತ್ತು ಕೊಡಬೇಕು: ನಸುಕೋ, ಬಿಸಿಲು ಇಳಿಯುವ ಸಂಜೆಯೋ. ಬೆಳಕು ಯಾವ ಕಡೆಯಿಂದ ಬರುತ್ತದೆಂದು ಒಮ್ಮೆ ಗೊತ್ತುಮಾಡಿದರೆ ತಪಸ್ವಿಯ ಗಡ್ಡದಿಂದ ಹಿಡಿದು ಹಿನ್ನೆಲೆಯ ಬಂಡೆಯ ತನಕ ಎಲ್ಲವೂ ಅದಕ್ಕೆ ತಲೆಬಾಗಬೇಕು. ಗಂಧರ್ವ ಗಾಳಿಯಲ್ಲಿ ತೇಲುವುದಾದರೂ ಅವನ ದೇಹಕ್ಕೆ ತೂಕವಿದ್ದರೆ ಮಾತ್ರ ತೇಲಿದನೆಂದು ನಾವು ಒಪ್ಪುತ್ತೇವೆ. ಅಂದರೆ ನೈಜತೆ ಇರುವುದು ವಸ್ತುವಿನಲ್ಲಲ್ಲ, ಬರೆಯುವವನು ತನಗೆ ತಾನೇ ಹಾಕಿಕೊಂಡ ಕಟ್ಟಳೆಯಲ್ಲಿ. ಕಾಣದ್ದನ್ನು ಕಂಡದ್ದರ ನಿಯಮಕ್ಕೆ ಒಳಪಡಿಸುವುದು ಆ ಕಟ್ಟಳೆ. ಇದಕ್ಕೆ ತಿರುಗುಮುರುಗಾದ ಸಂದರ್ಭವೂ ಪಂಡಿತರಲ್ಲಿದೆ. ಕನ್ಯಾಕುಮಾರಿಗೆಂದು ಅವರು ಬರೆದ ವಿವೇಕಾನಂದರ ದೊಡ್ಡ ಚಿತ್ರದ ವಿಷಯದಲ್ಲಿ ಕಲ್ಪನೆಗೆ ಹಾಗೆ ಸಡಿಲ ಬಿಡುವಂತಿರಲಿಲ್ಲ. ವಿವೇಕಾನಂದರ ಛಾಯಾಚಿತ್ರಗಳು ಮನೆಮನೆಯಲ್ಲಿವೆ. ಮೂಗು ಒಂದಿಷ್ಟು ತಪ್ಪಿದರೂ ಜನ ಹಿಡಿದುಬಿಡುತ್ತಾರೆ. ಆದರೆ ಆ ಛಾಯಾಚಿತ್ರಗಳಲ್ಲಿ ಬಣ್ಣವಿಲ್ಲ. ಕಾವಿಗೆ ಯಾವ ಛಾಯೆ, ಸಮುದ್ರದ ಗಾಳಿಗೆ ಅದು ಎಷ್ಟು ಹಾರಬೇಕು, ಮುಖಕ್ಕೆ ಯಾವ ಬಿಸಿಲು ಎಂಬುದನ್ನು ಯಾವ ನೆಗೆಟಿವೂ ಹೇಳಿಕೊಡುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಅಂದು ಕ್ಯಾಮೆರಾಕ್ಕೆ ಬಣ್ಣ ಗೊತ್ತಿರಲಿಲ್ಲ, ಸರಿ. ಇಂದು ಜೇಬಿನ ಫೋನಿಗೂ ಲಕ್ಷಾಂತರ ಬಣ್ಣ ಗೊತ್ತು, ಇನ್ನೇಕೆ ಈ ಪರದಾಟ? ಉತ್ತರಕ್ಕೆ ಮತ್ತೆ ಮೈಸೂರಿಗೆ ಹೋಗಬೇಕು. ಅಂಬಾವಿಲಾಸ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ತೈಲಚಿತ್ರಗಳಿವೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೆರವಣಿಗೆಯನ್ನು ಛಾಯಾಚಿತ್ರಗಳ ನೆರವಿನಿಂದಲೇ ಕೆ. ಕೇಶವಯ್ಯ ಮೊದಲಾದ ಆಸ್ಥಾನ ಕಲಾವಿದರು 1930 ಮತ್ತು 40ರ ದಶಕಗಳಲ್ಲಿ ವರ್ಷಗಟ್ಟಲೆ ಕೂತು ಬರೆದದ್ದು. ಫೋಟೊ ಇದ್ದೂ ಅರಮನೆ ಚಿತ್ರ ಬರೆಸಿತು. ಕಾರಣ ಬಣ್ಣವೊಂದೇ ಅಲ್ಲ. ಮೆರವಣಿಗೆಯ ಫೋಟೊ ತೆಗೆದರೆ ಹತ್ತಿರದ ಕುದುರೆಯ ಬಾಲ ದೊಡ್ಡದಾಗಿ, ದೂರದ ಅಂಬಾರಿ ಕಿರಿದಾಗಿ ಬೀಳಬಹುದು. ಯಾರದೋ ಪೇಟ ಇನ್ನಾರದೋ ಮುಖವನ್ನು ನುಂಗಬಹುದು. ಚಿತ್ರಕಾರ ನೂರಾರು ಜನರಲ್ಲಿ ಒಬ್ಬೊಬ್ಬರ ಮುಖವನ್ನೂ ಗುರುತು ಸಿಗುವಂತೆ ನಿಲ್ಲಿಸಿ, ಆದರೂ ಅದೊಂದು ನಡೆಯುತ್ತಿರುವ ಗುಂಪು ಎಂಬ ಭಾವ ಕೆಡದಂತೆ ನೋಡಿಕೊಂಡಿದ್ದಾನೆ. ಕ್ಯಾಮೆರಾ ಒಂದು ಕ್ಷಣವನ್ನು ಹಿಡಿಯುತ್ತದೆ. ತೈಲಚಿತ್ರ ಹಿಡಿಯುವುದು ನೋಡಿದ ಅನೇಕ ಕ್ಷಣಗಳನ್ನು ಸೋಸಿ ಉಳಿಸಿಕೊಂಡ ಒಂದನ್ನು. ಅಂಥದೊಂದು ಕ್ಷಣ ಯಾವತ್ತೂ ಇದ್ದಿರಲಿಕ್ಕಿಲ್ಲ. ಹಲ್ದಣ್ಕರ್ ಚಿತ್ರವೂ ಅಷ್ಟೇ. ಅಷ್ಟು ಚಿಕ್ಕ ಕುಡಿಯ ಬೆಳಕಿನಲ್ಲಿ ಅಂದಿನ ಕ್ಯಾಮೆರಾ ಇಟ್ಟಿದ್ದರೆ ಕಪ್ಪು ಮತ್ತು ಒಂದು ಬಿಳಿ ಚುಕ್ಕೆ ಬಿಟ್ಟು ಬೇರೇನೂ ದಕ್ಕುತ್ತಿರಲಿಲ್ಲವೇನೋ. ‘ಫೋಟೊ ಇದ್ದ ಹಾಗೆ’ ಎನ್ನುವಾಗ ನಾವು ಹೊಗಳುತ್ತಿರುವುದು ಯಾವ ಫೋಟೊವೂ ಮಾಡದ ಕೆಲಸವನ್ನು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಈ ಶೈಲಿ ನಮ್ಮದಲ್ಲ, ಬ್ರಿಟಿಷರ ಕಲಾಶಾಲೆಗಳು ತಲೆಗೆ ತುಂಬಿದ್ದು ಎಂಬುದು. 1907ರ ಹೊತ್ತಿಗೇ ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಮೊದಲಾದವರು ರವಿವರ್ಮನನ್ನು ಹೀಗೇ ಝಾಡಿಸಿದ್ದರು: ಅವನ ದೇವತೆಗಳು ನಾಟಕದ ಪಾತ್ರಗಳಂತಿವೆ, ಭಾರತೀಯ ಕಲ್ಪನೆ ಅಲ್ಲಿಲ್ಲ ಎಂದು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಸುತ್ತ ಬೆಳೆದ ಪಂಥ ತೈಲವರ್ಣಕ್ಕೇ ಬೆನ್ನು ತಿರುಗಿಸಿತು. ಕಲಾಶಾಲೆಗಳ ಪಠ್ಯಕ್ರಮ ವಸಾಹತು ಆಡಳಿತದ್ದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಸಾದೃಶ್ಯದ ಆಸೆಯೇ ಆಮದು ಸರಕು ಎಂದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನನ್ನು ಎಲ್ಲಿಡೋಣ? ಇಂದಿನ ಬಸವಕಲ್ಯಾಣದಿಂದ ಆಳುತ್ತಿದ್ದ ಈ ಅರಸ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರದ ಬಗೆಗಳನ್ನು ಹೇಳುತ್ತಾ, ಕನ್ನಡಿಯ ಬಿಂಬದಂತೆ ಹೋಲುವ ಚಿತ್ರವನ್ನು ವಿದ್ಧವೆಂದೂ ಮನಸ್ಸಿಗೆ ತೋಚಿದಂತೆ ಬರೆದದ್ದನ್ನು ಅವಿದ್ಧವೆಂದೂ ವಿಂಗಡಿಸುತ್ತಾನೆ. ಶಾಸ್ತ್ರದಲ್ಲಿ ಹೇಳಿದ್ದೆಲ್ಲ ಆಚರಣೆಯಲ್ಲಿತ್ತು ಎನ್ನಲಾಗದು. ಅಂಥ ಕನ್ನಡಿ ಬಿಂಬದ ಚಿತ್ರ ಆ ಕಾಲದ್ದೊಂದೂ ನಮ್ಮ ಕೈಗೆ ಬಂದಿಲ್ಲ. ಆದರೆ ಹೋಲಿಕೆ ಒಂದು ಗುರಿಯೆಂಬ ತಿಳಿವಳಿಕೆ ಇಲ್ಲಿ ಇತ್ತು ಎಂಬುದಕ್ಕೆ ಇಷ್ಟು ಸಾಕು. ಇನ್ನೊಂದು ಸಾಕ್ಷಿ ಎದುರು ಪಾಳೆಯದಿಂದಲೇ ಬರುತ್ತದೆ. ಮೈಸೂರಿನ ಕೆ. ವೆಂಕಟಪ್ಪ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ನೆಚ್ಚಿನ ಶಿಷ್ಯರಲ್ಲೊಬ್ಬರಾದರು. ಊರಿಗೆ ಮರಳಿದ ಮೇಲೆ ಅವರನ್ನು ದೊಡ್ಡವರನ್ನಾಗಿ ಮಾಡಿದ್ದು ಉದಕಮಂಡಲ, ಕೊಡೈಕೆನಾಲ್‌ಗಳ ಜಲವರ್ಣಗಳು: ಇಂಥದೇ ಬೆಟ್ಟ, ಇಂಥದೇ ಮಂಜು, ದಿನದ ಇಂಥದೇ ಹೊತ್ತು. ಎಣ್ಣೆಯನ್ನು ದೂರವಿಟ್ಟವರಿಗೂ ಕಣ್ಣನ್ನು ದೂರವಿಡಲಾಗಲಿಲ್ಲ. ಉಪಕರಣ ಎಲ್ಲಿಂದ ಬಂತು ಎಂಬುದರಿಂದ ಕೃತಿ ಯಾರದೆಂದು ತೀರ್ಮಾನವಾಗುವುದಾದರೆ ಪಿಟೀಲನ್ನು ಕರ್ನಾಟಕ ಸಂಗೀತದಿಂದ ಮೊದಲು ಹೊರಗೆ ಹಾಕಬೇಕಾಗುತ್ತದೆ.

ಹಾಗೆಂದು ಈ ಶೈಲಿ ಹೊಸದೇನನ್ನೂ ತರಲಿಲ್ಲ ಎನ್ನುವುದೂ ತಪ್ಪೇ. ತಂದದ್ದು ಏನೆಂದು ತಿಳಿಯಲು ಮಲೆನಾಡಿನ ಸೊರಬ–ಶಿಕಾರಿಪುರದ ನೆಲ ಒಳ್ಳೆಯ ಅಳತೆಗೋಲು. ಈ ಸೀಮೆಯ ದೇವಸ್ಥಾನದ ಅಂಗಳ, ಕೆರೆಯ ಏರಿ, ಹೊಲದ ಬದುಗಳಲ್ಲಿ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸನ್ನಿಧಿ. ಸತ್ತವನ ಹೆಸರು, ಊರು, ಯಾರ ದನ ಬಿಡಿಸಲು ಹೋಗಿ ಸತ್ತ ಎಂಬ ವಿವರವೆಲ್ಲ ಶಾಸನದಲ್ಲಿ ಸಿಗುತ್ತದೆ. ಮುಖ ಮಾತ್ರ ಅವನದಲ್ಲ. ಒಂದು ಕಲ್ಲಿನ ವೀರನಿಗೂ ಇನ್ನೊಂದರ ವೀರನಿಗೂ ಮುಖದಲ್ಲಿ ಭೇದ ಹುಡುಕಬೇಕಾಗಿಲ್ಲ. ಗುರುತಿನ ಕೆಲಸವನ್ನು ಅಕ್ಷರಕ್ಕೆ ವಹಿಸಿ ಶಿಲ್ಪಿ ಬೇರೆ ಕೆಲಸ ನೋಡಿಕೊಂಡ. ಜಡೆ, ಆನವಟ್ಟಿ, ಚಂದ್ರಗುತ್ತಿ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವೂ ಹೀಗೆಯೇ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಅದರಲ್ಲಿ ಮದುಮಗ–ಮದುಮಗಳು ಇದ್ದಾರೆ, ಆದರೆ ಇಂಥವರ ಮಗ, ಇಂಥವರ ಮಗಳು ಅಲ್ಲ. ಈ ಮನೆಯ ಮದುವೆಗೆ ಬರೆದದ್ದು ಎಲ್ಲ ಮನೆಯ ಮದುವೆಗೂ ಸಲ್ಲುತ್ತದೆ. ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಯ ಮೇಲಿನ ಭತ್ತದ ಸಸಿ ಯಾವ ಗದ್ದೆಯದು ಎಂದು ಯಾರೂ ಕೇಳುವುದಿಲ್ಲ. ಸೊರಬ–ಸಾಗರದ ಗುಡಿಗಾರರು ಶ್ರೀಗಂಧದಲ್ಲಿ ಕಡೆಯುವ ಗಣಪತಿಗೂ ಅಳತೆ, ಲಕ್ಷಣಗಳು ಮೊದಲೇ ನಿಗದಿಯಾಗಿವೆ. ಇಂಥ ಕಲೆಗಳು ಯಾವ ದೃಷ್ಟಿಯಲ್ಲೂ ಕಡಿಮೆಯಲ್ಲ, ಅವು ಕೇಳುವ ಪ್ರಶ್ನೆ ಬೇರೆ. ತೈಲಚಿತ್ರ ತಂದ ಹೊಸತು ಎಂದರೆ ‘ಇಂಥವರ’ ಮುಖ: ಒಬ್ಬ ನಿರ್ದಿಷ್ಟ ಮನುಷ್ಯ, ಒಂದು ನಿರ್ದಿಷ್ಟ ಹೊತ್ತಿನ ಬೆಳಕಿನಲ್ಲಿ. ಮೊದಲು ಅರಸರು, ದಿವಾನರು. ಆಮೇಲೆ ಮಠಾಧೀಶರು, ಸಾಹುಕಾರರು, ಕೊನೆಗೆ ಹಣ ಕೊಡಬಲ್ಲ ಯಾರಾದರೂ.

ತೊಡಕು ಶುರುವಾಗುವುದೂ ಇಲ್ಲೇ. ದಿವಾನರಿಗೆ ಅವರದೇ ಮುಖವಿದೆ. ದೇವರಿಗೆ ಯಾರ ಮುಖ? ಲಕ್ಷಣದ ಗೆರೆಯಲ್ಲಿದ್ದ ಲಕ್ಷ್ಮಿಯನ್ನು ಎಣ್ಣೆಬಣ್ಣದಲ್ಲಿ ಬರೆಯಹೊರಟ ಕೂಡಲೇ ಅವಳಿಗೆ ಒಂದು ಮೂಗು, ಒಂದು ವಯಸ್ಸು, ಒಂದು ಮೈಬಣ್ಣ, ಒಂದು ಸೀರೆ ಉಡುವ ರೀತಿ ಬೇಕೇಬೇಕು. ಖಾಲಿ ಬಿಡುವಂತಿಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅವನು ಆರಿಸಿದ ಆ ಮೂಗು, ಆ ಬಿಳುಪು, ಆ ಸೀರೆ ಲಕ್ಷಗಟ್ಟಲೆ ಮನೆಗಳಿಗೆ ಹೋಯಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ದೇವಿಯೆಂದರೆ ಹೀಗೇ ಎಂದಾಯಿತು. ಪಂಡಿತರು ಅದಕ್ಕೆ ಸಿನಿಮಾ ಪೋಸ್ಟರಿನ ಬೆಳಕನ್ನೂ ನಿಲುವನ್ನೂ ಸೇರಿಸಿದರು. ಅವರ ಗಂಡು ದೇವತೆಗಳಿಗೆ ವ್ಯಾಯಾಮಶಾಲೆಯ ಮೈಕಟ್ಟು ಬಂತು, ಹೆಣ್ಣುಗಳಿಗೆ ತಾರೆಯರ ಹೊಳಪು ಬಂತು. ಈ ಚಿತ್ರಗಳ ಮೇಲೆ ಬಂದಿರುವ ಟೀಕೆಗಳಲ್ಲಿ ನನಗೆ ಪೂರ್ತಿ ಒಪ್ಪಿಗೆಯಾಗುವುದು ಇದೊಂದು: ಬೇಸಾಯದ ಬಿಸಿಲಲ್ಲಿ ಕಂದಿದ ಮೈಯವರ ನಾಡಿನಲ್ಲಿ ದೈವದ ಬಣ್ಣ ಬಿಳಿಯೆಂದು ಕಲಿಸಿದ್ದರಲ್ಲಿ ಇವುಗಳ ಪಾಲು ದೊಡ್ಡದು. ಕೃಷ್ಣನಿಗೂ ನೀಲಿಯ ತಳದಲ್ಲಿ ಗುಲಾಬಿ ಬಣ್ಣ ಬಂತೇ ಹೊರತು ಕಪ್ಪು ಬರಲಿಲ್ಲ. ಆದರೆ ಗಮನಿಸಿ, ಈ ಟೀಕೆ ನಿಲ್ಲಬೇಕಾದರೆ ಚಿತ್ರಕಾರ ಆಯ್ಕೆ ಮಾಡಿದ ಎಂದು ಮೊದಲು ಒಪ್ಪಬೇಕು. ನಕಲುಗಾರನನ್ನು ಯಾರೂ ಹೊಣೆ ಮಾಡುವುದಿಲ್ಲ. ಶಿಕಾರಿಪುರದ ಉಡುತಡಿಯ ಅಕ್ಕಮಹಾದೇವಿಯ ಸಂಗತಿ ಇನ್ನೂ ಸೂಕ್ಷ್ಮ. 12ನೆಯ ಶತಮಾನದ ಅವಳನ್ನು ನೋಡಿ ಬರೆದ ಚಿತ್ರವಿಲ್ಲ. ಇಂದು ಮಠಗಳಲ್ಲಿ, ಶಾಲೆಗಳಲ್ಲಿ ತೂಗುವ ಅಕ್ಕ, ಉದ್ದ ಕೂದಲಿನಿಂದ ಮೈ ಮುಚ್ಚಿ ಅಂಗೈಯಲ್ಲಿ ಲಿಂಗ ಹಿಡಿದವಳು, ಚಿತ್ರಕಾರರ ತೀರ್ಮಾನ. ಕೂದಲು ಎಲ್ಲಿಯವರೆಗೆ ಇಳಿಯಬೇಕು, ಕಣ್ಣು ಲಿಂಗದ ಕಡೆಗಿರಬೇಕೋ ನಮ್ಮ ಕಡೆಗೋ, ಕಾಡು ಮೇವು ಸಿಕ್ಕಷ್ಟು ತಿಂದು ನಡೆದವಳ ಕೆನ್ನೆ ತುಂಬಿರಬೇಕೋ ಬತ್ತಿರಬೇಕೋ? ಬಹುತೇಕ ಚಿತ್ರಗಳಲ್ಲಿ ಅವಳ ಕೆನ್ನೆ ತುಂಬಿದೆ, ಮೈ ಬೆಳ್ಳಗಿದೆ, ಶ್ರೀಶೈಲದ ದಾರಿ ತುಳಿದ ಪಾದದಲ್ಲಿ ಧೂಳಿಲ್ಲ. ವಚನಗಳಲ್ಲಿ ಕಾಣುವ ಹೆಣ್ಣು ಇಷ್ಟು ನುಣುಪಲ್ಲ. ಇದು ನೈಜ ಶೈಲಿಯ ಸೋಲಲ್ಲ. ಆ ಶೈಲಿಯನ್ನು ಹಿಡಿದವರು ಅದನ್ನು ಸಾಕಷ್ಟು ನೈಜವಾಗಿ ಬಳಸಲಿಲ್ಲ ಎಂಬುದು ನನ್ನ ಆರೋಪ.

ಮಾರುಕಟ್ಟೆಗೆ ಬರೆದದ್ದು ಕಲೆಯಲ್ಲ ಎಂಬ ಮೂರನೆಯ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಅರಮನೆಯೂ ಒಂದು ಮಾರುಕಟ್ಟೆಯೇ, ಗಿರಾಕಿ ಒಬ್ಬನೇ ಎನ್ನುವುದಷ್ಟೇ ವ್ಯತ್ಯಾಸ. ಇದರ ಹಿಂದೆ ಇರುವ ಅಸಮಾಧಾನ ಮಾತ್ರ ವಿಚಾರಿಸಬೇಕಾದದ್ದು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರೂ ಮುಂಬಯಿಗೆ ಹೋಗಿ ದಂಡಾವತಿಮಠರ ನೂತನ ಕಲಾ ಮಂದಿರದಲ್ಲಿ ಕಲಿತು ಜೆ.ಜೆ. ಶಾಲೆ ಸೇರಿದವರು. ಪಂಡಿತರಿಗಿಂತ ಐದು ವರ್ಷ ಹಿರಿಯರು, ಇಬ್ಬರದೂ ಒಂದೇ ತಾಲೀಮು. ಹೆಬ್ಬಾರರು ಮುಂದೆ ಪ್ಯಾರಿಸ್ಸಿನಲ್ಲೂ ಅಭ್ಯಾಸ ಮಾಡಿ, ಮೂಳೆ–ಸ್ನಾಯುಗಳ ಪಾಠವನ್ನು ಕಳಚಿ, ಕುಣಿಯುವ ಗೆರೆಯೊಂದನ್ನು ಕಂಡುಕೊಂಡರು. ಅವರಿಗೆ ಪದ್ಮಭೂಷಣ ಬಂತು, ಗ್ಯಾಲರಿಗಳು ಬಂದವು, ಅವರ ಮೇಲೆ ಪುಸ್ತಕಗಳು ಬಂದವು. ಪಂಡಿತರಿಗೆ ಬಂದದ್ದು ಮನೆಮನೆಯ ಗೋಡೆ. ಕನ್ನಡದ ಕಲಾಬರಹ ಹೆಬ್ಬಾರರ ದಾರಿಯನ್ನು ಬೆಳವಣಿಗೆಯೆಂದು, ಪಂಡಿತರ ದಾರಿಯನ್ನು ನಿಂತ ನೀರೆಂದು ಬಹುಕಾಲ ಓದಿಕೊಂಡಿತು. ಹೆಬ್ಬಾರರು ಪಡೆದದ್ದಕ್ಕೆ ಅವರು ಅರ್ಹರೇ, ಅದರಲ್ಲಿ ತಕರಾರಿಲ್ಲ. ಆದರೆ ಹೋಲಿಕೆಯನ್ನು ಬಿಡುವುದೇ ಮುನ್ನಡೆ, ಉಳಿಸಿಕೊಳ್ಳುವುದು ಹಿನ್ನಡೆ ಎಂಬ ಲೆಕ್ಕ ಕಲೆಯ ಲೆಕ್ಕವಲ್ಲ. ನೈಜ ಶೈಲಿಯಲ್ಲೇ ಉಳಿದವನು ಕೆಟ್ಟದ್ದು ಬರೆದರೆ ಹಳ್ಳಿಯವನಿಗೂ ತಪ್ಪು ಕಾಣುತ್ತದೆ: ಕೈ ಉದ್ದವಾಯಿತು, ಕುದುರೆಯ ಕಾಲು ಸೊಟ್ಟವಾಯಿತು ಎಂದು ಯಾರೂ ಹೇಳಬಲ್ಲರು. ಇಷ್ಟು ಜನರ ಪರೀಕ್ಷೆಗೆ ದಿನವೂ ಒಡ್ಡಿಕೊಳ್ಳುವುದು ಸುಲಭದ ದಾರಿಯಲ್ಲ. ಪಂಡಿತರ ಎಲ್ಲ ಚಿತ್ರಗಳೂ ಒಂದೇ ಮಟ್ಟದವಲ್ಲ. ಅವಸರದ ಬೇಡಿಕೆಗೆ ಬರೆದವುಗಳಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಬಂದು ಎಲ್ಲೂ ನಿಲ್ಲುವುದಿಲ್ಲ, ಒಡವೆಗಳ ಮಿನುಗಿನಲ್ಲಿ ಮುಖ ಕಳೆದುಹೋಗುತ್ತದೆ. ಒಳ್ಳೆಯವುಗಳಲ್ಲಿ ಒಂದೇ ಬೆಳಕು ಇಡೀ ಕಥೆಯನ್ನು ಹೇಳುತ್ತದೆ. ಈ ವ್ಯತ್ಯಾಸ ಕಾಣಬೇಕಾದರೆ ಅಚ್ಚಾದ ಕ್ಯಾಲೆಂಡರ್ ಸಾಲದು. ಮುದ್ರಣದಲ್ಲಿ ಎಣ್ಣೆಯ ಪದರಗಳು ಚಪ್ಪಟೆಯಾಗುತ್ತವೆ, ನೆರಳುಗಳು ಕಪ್ಪು–ಕಂದಾಗುತ್ತವೆ, ಕೆಂಪು ಕಿರುಚುತ್ತದೆ. ‘ಕ್ಯಾಲೆಂಡರ್ ಕಲೆ’ ಎಂದು ತಳ್ಳಿಹಾಕಿದವರಲ್ಲಿ ಹೆಚ್ಚಿನವರು ತಳ್ಳಿಹಾಕಿದ್ದು ಅಗ್ಗದ ಶಾಯಿಯನ್ನು.

ಮೂಲ ಚಿತ್ರಗಳು ಉಳಿದರೆ ತಾನೆ ಹೋಲಿಸಿ ನೋಡುವ ಮಾತು. ಪಂಡಿತರಂಥ ಹೆಸರಾಂತವರ ಕೃತಿಗಳಷ್ಟೇ ಅಲ್ಲ, ಹೆಸರೇ ಗೊತ್ತಿಲ್ಲದ ಊರ ಚಿತ್ರಕಾರರು ಹಿರಿಯರನ್ನು, ಸ್ವಾಮಿಗಳನ್ನು ಕೂರಿಸಿಕೊಂಡೋ ಫೋಟೊ ನೋಡಿಕೊಂಡೋ ಬರೆದ ತೈಲಚಿತ್ರಗಳೂ ಮಲೆನಾಡಿನ ಮಠ–ಮನೆಗಳಲ್ಲಿ ಇನ್ನೂ ಉಳಿದಿರಬಹುದು. ಮಲೆನಾಡಿನ ಮಳೆಗಾಲ ಇವುಗಳಿಗೆ ಶತ್ರು. ಬಟ್ಟೆಗೆ ಹಚ್ಚಿದ ಅಂಟು ತೇವ ಹೀರಿ ಸಡಿಲಾಗುತ್ತದೆ, ಬೇಸಿಗೆಗೆ ಬಿಗಿಯುತ್ತದೆ. ವರ್ಷವರ್ಷವೂ ಹೀಗೆ ಎಳೆದಾಡಿದರೆ ಗಟ್ಟಿಯಾದ ಬಣ್ಣದ ಪೊರೆ ಬಿರುಕು ಬಿಟ್ಟು ಉದುರುತ್ತದೆ, ಹಿಂಭಾಗಕ್ಕೆ ಬೂಷ್ಟು ಹಿಡಿಯುತ್ತದೆ. ಅಂಥ ಚಿತ್ರ ನಿಮ್ಮ ಮನೆಯಲ್ಲೋ ಮಠದಲ್ಲೋ ಇದ್ದರೆ ನೀರು ಸೋರುವ ಹೊರಗೋಡೆಗೆ ತೂಗುಹಾಕಬೇಡಿ; ಚೌಕಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡಲು ಸಂದು ಬಿಡಿ. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಕುಂಕುಮ ಹಚ್ಚುವುದು ಬೇಡವೇ ಬೇಡ. ಊದಿನಕಡ್ಡಿ, ದೀಪದ ಹೊಗೆ ತಾಗದಷ್ಟು ದೂರವಿರಲಿ. ಬಣ್ಣ ಉದುರುತ್ತಿದ್ದರೆ ಊರ ಪೇಂಟರ್ ಕೈಗೆ ಕೊಟ್ಟು ಹೊಸದಾಗಿ ಬಳಿಸಬೇಡಿ, ಸಂರಕ್ಷಣೆ ಬಲ್ಲವರನ್ನು ಕೇಳಿ. ಚಿತ್ರದ ಕೆಳಮೂಲೆಯಲ್ಲಿ ಸಹಿ, ಇಸವಿ ಇದ್ದರೆ ಅದರ ಒಂದು ಫೋಟೊ ತೆಗೆದು, ಯಾರನ್ನು ಕುರಿತು ಯಾರು ಬರೆದದ್ದು ಎಂದು ಮನೆಯ ಹಿರಿಯರಿಗೆ ನೆನಪಿರುವಾಗಲೇ ಬರೆದಿಟ್ಟುಕೊಳ್ಳಿ.